ಬೋಲ್ಟುಗಳಿಗೆ ಅರಿಶಿನದ ಬಣ್ಣ

ನಮ್ಮ ಫ್ಲ್ಯಾಟಿನ ಬಚ್ಚಲು ತೊಳೆಯಲು ಬರುವ ಓಮನಚೇಚಿ ನಿನ್ನೆ ಎಂದಿನ ಲೋಷನ್ ಬಿಟ್ಟು ಎಲ್ಲಿಂದಲೋ ಒಂದು ಬಾಟಲಿ ಆ್ಯಸಿಡ್ ತಂದಿದ್ದರು. ನೀರಿನ ಕಲೆ ಹೋಗಬೇಕಾದರೆ ಇದೇ ಆಗಬೇಕು ಎಂದು ಅವರ ವಾದ. ನಾನು ಹೊರಗಿನ ಕೋಣೆಯಲ್ಲಿ ಕೂತು ಪೇಪರು ಓದುತ್ತಿದ್ದೆ. ಬಾಗಿಲ ಸಂದಿಯಿಂದ ಆ ವಾಸನೆ ಬಂತು ನೋಡಿ, ಮೊದಲು ಮೂಗಿಗೆ, ಆಮೇಲೆ ಗಂಟಲಿಗೆ. ಪೇಪರು ಕೆಳಗಿಟ್ಟು ಎದ್ದವಳೇ ಮನೆಯ ಕಿಟಕಿಗಳನ್ನೆಲ್ಲ ತೆರೆದೆ. ಪಟ್ಟಂ ಜಂಕ್ಷನ್ನಿನ ಬಸ್ಸುಗಳ ಹಾರ್ನೆಲ್ಲ ಒಳಗೆ ಬಂತು. ಚೇಚಿ ಬ್ರಷ್ಷು ಹಿಡಿದುಕೊಂಡೇ ನನ್ನನ್ನು ನೋಡಿ ಮತ್ತೆ ಉಜ್ಜತೊಡಗಿದರು. ಅವರಿಗೆ ನನ್ನ ಸ್ವಭಾವ ಗೊತ್ತು.

ಆದರೆ ನಿನ್ನೆಯ ಹೆದರಿಕೆ ಅವರು ತಿಳಿದುಕೊಂಡ ಹಾಗೆ ಹೊಗೆಗೆ ಹೆದರಿದ್ದಲ್ಲ. ನನ್ನ ಮೂಗಿಗೆ ಆ ವಾಸನೆ ಬಚ್ಚಲಿನದಾಗಿರಲೇ ಇಲ್ಲ. ಅದು ಕಳಮಶ್ಶೇರಿಯ ಒಂದು ತಗಡಿನ ಶೆಡ್ಡಿನದು. ನನ್ನ ಅಣ್ಣನ ಹಳೆಯ ಕಾರಿನ ಬೋಲ್ಟುಗಳದು.

ಅರುವತ್ತರ ಹತ್ತಿರ ಬಂದ ಹೆಂಗಸಿಗೂ ಕಾರಿನ ಬೋಲ್ಟಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಹೇಳುತ್ತೇನೆ. ಆದರೆ ನಾನು ನೇರವಾಗಿ ವಿಷಯಕ್ಕೆ ಬರುವವಳಲ್ಲ, ಇದನ್ನು ನನಗೆ ನ್ಯಾಯಾಧೀಶರುಗಳೂ ಹೇಳಿದ್ದಾರೆ. ಕಾಸರಗೋಡಿನಿಂದ ಮದುವೆಯಾಗಿ ತಿರುವನಂತಪುರಕ್ಕೆ ಬಂದ ನಾನು ವಕೀಲಿ ಶುರು ಮಾಡಿದ್ದು ವಾಹನ ಅಪಘಾತದ ಕೇಸುಗಳಲ್ಲಿ, ಈಗಲೂ ಅದೇ. ಬೇರೆ ವಕೀಲರು ಜಾಗದ ತಕರಾರು ನೋಡುತ್ತಾರೆ, ಪಾಲುಪಟ್ಟಿ ನೋಡುತ್ತಾರೆ. ನಾನು ನೋಡುವುದು ಮುರಿದದ್ದನ್ನು. ಮಲಗಿದ ಬಸ್ಸು, ನಜ್ಜುಗುಜ್ಜಾದ ಸ್ಕೂಟರು, ರಸ್ತೆಯ ಮೇಲೆ ಸುಣ್ಣದಲ್ಲಿ ಬರೆದ ಗೆರೆ. ಇಷ್ಟು ವರ್ಷ ಇದನ್ನೇ ನೋಡಿದ ಮೇಲೆ ನನಗೆ ನಿಂತ ವಾಹನ ನಿಂತ ಹಾಗೆ ಕಾಣುವುದಿಲ್ಲ. ಆಟೋ ಹತ್ತಿದರೆ ಅದರ ಮೂರನೇ ಚಕ್ರದ ಯೋಚನೆ. ಲಿಫ್ಟಿನಲ್ಲಿ ಅದರ ಹಗ್ಗದ ಯೋಚನೆ. ಮಗಳು ಶ್ರುತಿ ಇದಕ್ಕೆಲ್ಲ ನಗುತ್ತಾಳೆ. ಅವಳು ಇಲ್ಲೇ ಹುಟ್ಟಿ ಬೆಳೆದವಳು, ನಾನು ಕನ್ನಡದಲ್ಲಿ ಬೈದರೆ ಮಲಯಾಳದಲ್ಲಿ ಉತ್ತರ ಕೊಡುತ್ತಾಳೆ. ಅಮ್ಮನಿಗೆ ಹೆದರಿಕೆಯೇ ಉದ್ಯೋಗ ಎಂದು ಅವಳ ಲೆಕ್ಕ. ಸುಳ್ಳೇನಲ್ಲ, ಬೇರೆಯವರು ಬಿಟ್ಟಿ ಹೆದರುತ್ತಾರೆ, ನಾನು ಫೀಸು ತೆಗೆದುಕೊಂಡು ಹೆದರುತ್ತೇನೆ.

ಇಂಥ ನನಗೆ ಇರುವವನು ಒಬ್ಬನೇ ಅಣ್ಣ, ಅವನು ಹೆದರಿಕೆ ಎಂಬುದನ್ನೇ ಕಾಣದವನು. ಹಾಗೆಂದು ನಾನು ನಂಬಿದ್ದೆ.

ಸಣ್ಣವರಿದ್ದಾಗ ನಾವು ಚಂದ್ರಗಿರಿ ಹೊಳೆಯನ್ನು ದೋಣಿಯಲ್ಲಿ ದಾಟಿ ಶಾಲೆಗೆ ಹೋಗಬೇಕಿತ್ತು. ಮಳೆಗಾಲದಲ್ಲಿ ಹೊಳೆ ಕೆಂಪಾಗಿ, ಅಗಲವಾಗಿ, ಮರದ ದಿಮ್ಮಿಗಳನ್ನು ಹೊತ್ತುಕೊಂಡು ಬರುತ್ತಿತ್ತು. ದೋಣಿಯ ತಳದಲ್ಲಿ ಯಾವಾಗಲೂ ಒಂದಿಷ್ಟು ನೀರು. ನಾನು ದಡದಲ್ಲೇ ಅಳಲು ಶುರುಮಾಡುತ್ತಿದ್ದೆ. ಅಣ್ಣ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು ದೋಣಿಗೆ ಹತ್ತಿಸಿ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದ. ಆಚೆ ದಡ ಬರುವವರೆಗೆ ಕೈ ಬಿಡುತ್ತಿರಲಿಲ್ಲ. ಅವನ ಅಂಗೈ ಯಾವಾಗಲೂ ಒದ್ದೆ. ದೋಣಿಯ ಅಂಚಿನಿಂದ ನೀರಿಗೆ ಕೈ ಇಳಿಬಿಡುವ ಅಭ್ಯಾಸ ಅವನಿಗೆ, ಅದಕ್ಕೇ ಇರಬೇಕು ಎಂದುಕೊಂಡಿದ್ದೆ. "ಎಂತದೂ ಆಗುದಿಲ್ಲ ಮಾರಾಯ್ತಿ, ಸುಮ್ನೆ ಕೂತ್ಕೋ," ಎನ್ನುತ್ತಿದ್ದ. ಅವನಿಗೂ ಆಗ ಹನ್ನೊಂದೋ ಹನ್ನೆರಡೋ ವಯಸ್ಸು.

ಆ ಒಂದು ಮಾತಿನ ಮೇಲೆ ನಾನು ಈ ವಯಸ್ಸಿನವರೆಗೆ ಬಂದಿದ್ದೇನೆ ಎಂದರೆ ಹೆಚ್ಚಲ್ಲ. ಪರೀಕ್ಷೆಗೆ ಮೊದಲು, ಹೆರಿಗೆಗೆ ಮೊದಲು, ನನ್ನವರು ತೀರಿಕೊಂಡು ಈ ಊರಿನಲ್ಲಿ ಮಗಳೊಂದಿಗೆ ಇರುವುದೋ ಊರಿಗೆ ಹಿಂತಿರುಗುವುದೋ ಎಂದು ತಿಳಿಯದೆ ಕೂತಿದ್ದಾಗಲೂ ಅಣ್ಣ ಬಂದು ಅದನ್ನೇ ಹೇಳಿದ್ದು. ಮನೆಯಲ್ಲಿ ಹೆದರದ ಒಬ್ಬರಿದ್ದರೆ ಉಳಿದವರು ಧೈರ್ಯವಾಗಿ ಹೆದರಬಹುದು. ನಾನು ಹಾಗೆ ಹೆದರುತ್ತ ಬಂದವಳು.

ಅಣ್ಣ ಬ್ಯಾಂಕಿನಲ್ಲಿದ್ದು ಕೊಚ್ಚಿಯಲ್ಲೇ ನಿವೃತ್ತನಾದ. ತೋಪ್ಪುಂಪಡಿಯಲ್ಲಿ ಹಿನ್ನೀರಿಗೆ ಹತ್ತಿರವಾಗಿ ಮನೆ. ಮನೆಯ ಮುಂದೆ ಆ ಕಾರು. ಒಂದು ಕಾಲದಲ್ಲಿ ಡಾಕ್ಟರರ ಮನೆಗಳ ಮುಂದೆ ನಿಂತಿರುತ್ತಿತ್ತಲ್ಲ, ಕೆನೆಬಣ್ಣದ, ಗುಂಡು ದೀಪದ ಪುಟ್ಟ ಕಾರು, ಅದು. ಕಾಸರಗೋಡಿನ ಒಬ್ಬ ಮುದುಕ ಡಾಕ್ಟರರಿಂದ ಪ್ರಾಯದಲ್ಲಿ ಕೊಂಡದ್ದು. ನಾನು ಡ್ರೈವಿಂಗ್ ಕಲಿತದ್ದೂ ಅದರಲ್ಲೇ, ಅಣ್ಣ ಪಕ್ಕದಲ್ಲಿ ಕೂತು ಕಡಲೆ ತಿನ್ನುತ್ತಿದ್ದ, ನಾನು ಬೆವರುತ್ತಿದ್ದೆ.

ಕೊಚ್ಚಿಯ ಗಾಳಿಯಲ್ಲಿ ಉಪ್ಪು. ಅಲ್ಲಿ ಕಿಟಕಿಯ ಸರಳು, ಗೇಟಿನ ಚಿಲಕ, ಅತ್ತಿಗೆಯ ತೆಂಗಿನಕಾಯಿ ತುರಿಯುವ ಮಣೆ ಎಲ್ಲದಕ್ಕೂ ತುಕ್ಕು. ನಿವೃತ್ತನಾದ ಮೇಲೆ ಅಣ್ಣ ಕಾರನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟುತ್ತೇನೆ ಎಂದು ಹೊರಟ. ಬಿಚ್ಚಿದ. ನಟ್ಟು, ಬೋಲ್ಟು, ವಾಷರು, ಕೀಲು, ಕ್ಲಿಪ್ಪು ಎಲ್ಲ ಅತ್ತಿಗೆಯ ಡಬ್ಬಗಳಿಗೆ ತುಂಬಿದವು. ಹಪ್ಪಳದ ಡಬ್ಬದಲ್ಲಿ ಬಾಗಿಲಿನ ಸಾಮಾನು, ಅವಲಕ್ಕಿ ಡಬ್ಬದಲ್ಲಿ ಬ್ರೇಕಿನದು. ತುಕ್ಕು ಬಿಡಲಿ ಎಂದು ಮಾವಿನಮಿಡಿ ಭರಣಿಯಲ್ಲಿ ವಿನಿಗರ್ ಹಾಕಿ ನೆನೆಸಿಟ್ಟದ್ದೂ ಉಂಟು. ಅತ್ತಿಗೆ ಆ ಸಲ ಉಪ್ಪಿನಕಾಯಿ ಹಾಕಲಿಲ್ಲ. ನನಗೆ ಫೋನು ಮಾಡಿ, ನಿನ್ನ ಅಣ್ಣ ಬೋಲ್ಟಿಗೆ ಅಭ್ಯಂಜನ ಮಾಡಿಸುತ್ತಿದ್ದಾನೆ, ನನಗೆ ತಲೆಗೆ ಎಣ್ಣೆ ಹಾಕಿಕೊಳ್ಳಲು ಜಾಗ ಇಲ್ಲ ಎಂದರು.

ಹೊಸ ಬೋಲ್ಟು ಅಂಗಡಿಯಲ್ಲಿ ಸಿಗುವುದಿಲ್ಲವೇ ಎಂದು ನಾನು ಕೇಳಿದ್ದೆ. ಅಣ್ಣನಿಗೆ ಅದು ಅವಮಾನವಾದ ಹಾಗೆ ಕಂಡಿತು. ಕಾರು ಹುಟ್ಟುವಾಗ ಬಂದದ್ದು ಕಾರಿನಲ್ಲೇ ಇರಬೇಕು, ಹಳೆಯ ಕಬ್ಬಿಣದ ಗಟ್ಟಿತನ ಈಗಿನದಕ್ಕೆ ಇಲ್ಲ, ತುಕ್ಕು ತೆಗೆದು ಸತುವಿನ ಲೇಪ ಕೊಟ್ಟರೆ ಇನ್ನೊಂದು ಆಯುಸ್ಸು ಬಂತು. ಝಿಂಕ್ ಪ್ಲೇಟಿಂಗ್ ಎನ್ನುತ್ತಾರೆ. ಅದರಲ್ಲೂ ಬಿಳಿ ಬೇಡವಂತೆ, ಹಳದಿ ಬೇಕಂತೆ. ಸತು ಹಿಡಿಸಿದ ಮೇಲೆ ಇನ್ನೊಂದು ನೀರಿನಲ್ಲಿ ಅದ್ದಿದರೆ ಅರಿಶಿನದ ಬಣ್ಣ ಬರುತ್ತದೆ, ಬಿಸಿಲಿಗೆ ಹಿಡಿದರೆ ಒಳಗೆ ಸ್ವಲ್ಪ ನೇರಳೆ, ಸ್ವಲ್ಪ ಹಸಿರು ಮಿಂಚುತ್ತದೆ. ಮೊದಲ ಸಲ ಹಾಗೆ ಮಾಡಿಸಿ ತಂದ ಬಾಗಿಲಿನ ಸ್ಕ್ರೂಗಳನ್ನು ಅಣ್ಣ ತಟ್ಟೆಯಲ್ಲಿ ಹರಡಿ ನನಗೆ ವಿಡಿಯೋದಲ್ಲಿ ತೋರಿಸಿದ್ದ. ಚೆನ್ನಾಗಿಯೇ ಇತ್ತು, ನಿಜ ಹೇಳಬೇಕಲ್ಲ.

ಆ ವರ್ಷ ನವರಾತ್ರಿಗೆ ಸ್ವಲ್ಪ ಮೊದಲು ಹೈಕೋರ್ಟಿನ ಒಂದು ಕೆಲಸಕ್ಕೆ ನಾನು ಕೊಚ್ಚಿಗೆ ಹೋಗಿದ್ದೆ. ಅಣ್ಣ ನನ್ನನ್ನು ಕಳಮಶ್ಶೇರಿಗೆ ಕರೆದುಕೊಂಡು ಹೋದ. ಮೆಟ್ರೋ ಇಳಿದು ಆಟೋದಲ್ಲಿ ಒಳಗೆ ಹೋದರೆ ಕಾರ್ಖಾನೆಗಳ ಹಿಂದಿನ ಸಾಲಿನಲ್ಲಿ ಆ ಶೆಡ್ಡು. ಬಾಗಿಲಿಗೆ ಹೋಗುವ ಮೊದಲೇ ವಾಸನೆ, ನಿನ್ನೆ ಬಂದದ್ದು ಅದೇ. ಒಳಗೆ ಕಪ್ಪು ತೊಟ್ಟಿಗಳ ಸಾಲು. ಒಂದರಲ್ಲಿ ಆ್ಯಸಿಡ್, ಅದರಲ್ಲಿ ಮುಳುಗಿದ ಕಬ್ಬಿಣದಿಂದ ಸಣ್ಣ ಸಣ್ಣ ಗುಳ್ಳೆ ಏಳುತ್ತಿತ್ತು. ಇನ್ನೊಂದರಲ್ಲಿ ತಂತಿಯಲ್ಲಿ ಕಟ್ಟಿದ ಬೋಲ್ಟುಗಳು ಮಾವಿನ ತೋರಣದ ಹಾಗೆ ಇಳಿಬಿದ್ದಿದ್ದವು, ಅದಕ್ಕೆ ಕರೆಂಟು ಹರಿಯುತ್ತಿತ್ತು. ನೆಲವೆಲ್ಲ ಒದ್ದೆ. ಒದ್ದೆ ನೆಲ, ಕರೆಂಟು, ಆ್ಯಸಿಡ್. ನಾನು ಬಾಗಿಲಲ್ಲೇ ನಿಂತು ಮನಸ್ಸಿನಲ್ಲಿ ಒಂದು ಕೇಸು ಬರೆದು ಮುಗಿಸಿದ್ದೆ.

ಶೆಡ್ಡಿನ ಯಜಮಾನ ಶಶಿಯೇಟ್ಟನ್ ಎಂದು, ಅಣ್ಣನ ವಯಸ್ಸಿನವರೇ, ಮಾತಿನವರು. ಮೂಲೆಯಲ್ಲಿ ಕಪಾಟಿನಷ್ಟು ದೊಡ್ಡ ಒಂದು ಓವನ್ನು ಇತ್ತು. ಬೇಕರಿ ಇಟ್ಟಿದ್ದೀರಾ ಎಂದು ನಾನು ತಮಾಷೆಗೆ ಕೇಳಿದೆ. ಅದು ಗಟ್ಟಿ ಬೋಲ್ಟುಗಳಿಗೆ ಎಂದರು. ಬಾಗಿಲಿನ ಸ್ಕ್ರೂ, ಬಾನೆಟ್ಟಿನ ಕ್ಲಿಪ್ಪು ಇವಕ್ಕೆ ಬೇಡ, ಅವು ಮೆದು. ಸ್ಟೀರಿಂಗು, ಚಕ್ರ, ಬ್ರೇಕು ಹಿಡಿದಿಡುವ ಗಟ್ಟಿ ಉಕ್ಕಿನವು ಉಂಟಲ್ಲ, ಅವಕ್ಕೆ ಸತು ಹಿಡಿಸಿದ ಕೂಡಲೇ, ಹಳದಿ ನೀರಿಗೆ ಹೋಗುವ ಮೊದಲೇ, ಇದರಲ್ಲಿಟ್ಟು ಗಂಟೆಗಟ್ಟಲೆ ಬಿಸಿ ಕೊಡಬೇಕು. ತೊಟ್ಟಿಗಳಲ್ಲಿ ಏಳುವ ಗುಳ್ಳೆಯ ಗಾಳಿ ಒಂದಿಷ್ಟು ಉಕ್ಕಿನ ಒಳಗೇ ಸೇರಿಕೊಳ್ಳುತ್ತದಂತೆ, ಬಿಸಿಯಲ್ಲಿ ಅದು ಹೊರಗೆ ಬರಬೇಕಂತೆ.

ಬರದಿದ್ದರೆ ಎಂದು ನಾನು ಕೇಳಿದೆ. ಅಡ್ಡ ಪ್ರಶ್ನೆ ಕೇಳುವುದು ನನ್ನ ಚಟ.

ಬರದಿದ್ದರೆ ಬೋಲ್ಟು ಒಳಗಿನಿಂದ ಬಿರುಕು ಬಿಡುತ್ತದೆ ಎಂದರು. ಬಿಗಿಮಾಡಿದ ದಿನ ಏನೂ ಗೊತ್ತಾಗುವುದಿಲ್ಲ. ಆಮೇಲೆ ಯಾವಾಗಲೋ, ಸುಮ್ಮನೆ ನಿಂತಿದ್ದಾಗಲೂ ಆಗಬಹುದು, ಓಡುತ್ತಿದ್ದಾಗಲೂ ಆಗಬಹುದು, ತಲೆ ಹಾರಿಹೋಗುತ್ತದೆ. ಬಗ್ಗುವುದಿಲ್ಲ, ಸವೆಯುವುದಿಲ್ಲ, ಸದ್ದು ಮಾಡಿ ಎಚ್ಚರಿಸುವುದಿಲ್ಲ. ಮೇಲೆ ನೋಡಿದರೆ ಬಂಗಾರದ ಹಾಗೆ ಹೊಳೆಯುತ್ತಲೇ ಇರುತ್ತದೆ.

ಅವರು ಇದನ್ನು ಅನ್ನ ಬೆಂದಿಲ್ಲ ಎನ್ನುವಷ್ಟು ಸಾಮಾನ್ಯವಾಗಿ ಹೇಳಿ ಬೇರೆ ಮಾತಿಗೆ ಹೋದರು. ನನಗೆ ಮಾತ್ರ ಅಲ್ಲಿಂದ ಮುಂದೆ ಏನೂ ಕೇಳಿಸಲಿಲ್ಲ. ನಾನು ಇಷ್ಟು ವರ್ಷ ಹೆದರಿದ್ದೆಲ್ಲ ಸವೆದದ್ದಕ್ಕೆ, ಹಳತಾದದ್ದಕ್ಕೆ, ಅಲುಗಾಡುವುದಕ್ಕೆ. ಹೊಳೆಯುವುದಕ್ಕೂ ಹೆದರಬೇಕು ಎಂದು ಯಾರೂ ಹೇಳಿರಲಿಲ್ಲ. ಹಿಂತಿರುಗುವಾಗ ಮೆಟ್ರೋದ ಹಿಡಿಕಂಬಿಯ ಬೋಲ್ಟುಗಳನ್ನು ಒಂದೊಂದಾಗಿ ನೋಡುತ್ತ ಕೂತೆ. ಅಣ್ಣ ಪಕ್ಕದವರ ಜೊತೆ ಏನೋ ಹರಟುತ್ತಿದ್ದ.

ಈಗ ನವರಾತ್ರಿಯ ವಿಷಯ ಹೇಳಬೇಕು, ಇಲ್ಲದಿದ್ದರೆ ನಿಮಗೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮಲ್ಲಿ ಆಯುಧಪೂಜೆಯ ದಿನ ವಾಹನ ತೊಳೆದು, ಹೂ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಪೂಜೆಯಾದ ಕೂಡಲೇ ಹಣ್ಣಿನ ಮೇಲೆ ಹಾಯಿಸಿ ಒಂದು ಸುತ್ತು ಹೋಗಿ ಬರಬೇಕು. ಪೂಜೆ ಮಾಡಿದ ವಾಹನ ನಿಂತಲ್ಲೇ ನಿಲ್ಲಬಾರದು. ಇಲ್ಲಿಯವರದು ಬೇರೆ. ಅಷ್ಟಮಿಯ ಸಂಜೆ ಪುಸ್ತಕ, ಸಲಕರಣೆ ಎಲ್ಲವನ್ನೂ ದೇವಿಯ ಮುಂದೆ ಪೂಜೆಗೆ ಇಟ್ಟುಬಿಡುತ್ತಾರೆ. ಇಟ್ಟ ಮೇಲೆ ವಿಜಯದಶಮಿಯ ಬೆಳಿಗ್ಗೆ ಪೂಜೆ ತೆಗೆಯುವವರೆಗೆ ಮುಟ್ಟುವಂತಿಲ್ಲ. ಮಕ್ಕಳಿಗೆ ಇದರಷ್ಟು ಸಂತೋಷದ ಹಬ್ಬ ಇಲ್ಲ, ಓದು ಎಂದು ಯಾರೂ ಹೇಳುವ ಹಾಗಿಲ್ಲ. ಎರಡೂ ಒಳ್ಳೆಯ ಪದ್ಧತಿಯೇ. ಎರಡೂ ಒಂದೇ ಕಾರಿನ ಮೇಲೆ ಬಂದು ಕೂತರೆ ಏನಾಗುತ್ತದೆ ಎಂಬುದೇ ನನ್ನ ಕಥೆ.

ಆ ವಿಜಯದಶಮಿಗೆ ಶ್ರುತಿಯ ಮಗಳು ಅಮ್ಮುವಿಗೆ ವಿದ್ಯಾರಂಭ. ಮೂರು ವರ್ಷದ ಮಗು. ಅದರ ಬೆರಳು ಹಿಡಿದು ಅಕ್ಕಿಯಲ್ಲಿ ಮೊದಲ ಕನ್ನಡ ಅಕ್ಷರ ಬರೆಸುವವನು ನನ್ನ ಅಣ್ಣನೇ ಆಗಬೇಕು ಎಂದು ನಾನು ಹಟ ಹಿಡಿದಿದ್ದೆ. ಶಾಲೆಯಲ್ಲಿ ಹೇಗೂ ಅವಳಿಗೆ ಕನ್ನಡ ಸಿಗುವುದಿಲ್ಲ, ಮೊದಲ ಅಕ್ಷರವಾದರೂ ನಮ್ಮದಿರಲಿ. ಅಣ್ಣ ಒಪ್ಪಿದ. ನವಮಿಯ ದಿನ ಕಾರಿನ ಪೂಜೆ ಮುಗಿಸಿ ಅದರಲ್ಲೇ ಅತ್ತಿಗೆಯನ್ನು ಕೂರಿಸಿಕೊಂಡು ತಿರುವನಂತಪುರಕ್ಕೆ ಬರುತ್ತೇನೆ, ಅಕ್ಷರ ಬರೆಸಿದ ಮೇಲೆ ಅಮ್ಮುವನ್ನು ಮುಂದಿನ ಸೀಟಿನಲ್ಲಿ ತೊಡೆಯ ಪಕ್ಕ ಕೂರಿಸಿಕೊಂಡು ವಿಳಿಂಜಂಗೆ ಹೋಗಿ ಹೊಸ ಬಂದರಿನ ಕ್ರೇನು ತೋರಿಸುತ್ತೇನೆ ಎಂದ. ಅಮ್ಮುವಿಗೆ ಕ್ರೇನು ಎಂದರೆ ಪ್ರಾಣ.

ನವಮಿಯ ಆ ಮಧ್ಯಾಹ್ನ ನಾನು ಬಾಲ್ಕನಿಯಿಂದ ಒಳಗೆ ಬರಲಿಲ್ಲ. ಹೆದ್ದಾರಿಯುದ್ದಕ್ಕೂ ಅಗೆದು ಹಾಕಿದ್ದಾರೆ, ಎಲ್ಲಿ ನೋಡಿದರೂ ತಿರುವು. ಅಣ್ಣ ಓಡಿಸುವಾಗ ಫೋನು ಎತ್ತುವುದಿಲ್ಲ. ಅತ್ತಿಗೆ ಕಾರು ಹತ್ತಿದರೆ ನಿದ್ರೆ. ಆಲಪ್ಪುಳ ದಾಟಿರಬಹುದು, ಕೊಲ್ಲಂ ಬಂದಿರಬಹುದು ಎಂದು ನಾನೇ ಮನಸ್ಸಿನಲ್ಲಿ ಕಾರು ಓಡಿಸುತ್ತಿದ್ದೆ, ಪ್ರತಿ ಊರಿನಲ್ಲೂ ನನಗೊಂದು ಹಳೆಯ ಕೇಸು ನೆನಪಾಗುತ್ತಿತ್ತು. ಸಂಜೆಯ ಹೊತ್ತಿಗೆ ಕೆಳಗೆ ಆ ಗುಂಡು ದೀಪಗಳು ಕಂಡವು. ಜೀವ ಬಂದ ಹಾಗಾಯಿತು. ಅಣ್ಣ ಬಾಗಿಲು ತೆರೆದು ಇಳಿದು ಮೇಲೆ ನೋಡಿ ಕೈ ಬೀಸಿದ.

ಮರುದಿನ ಬೆಳಿಗ್ಗೆ ಅಕ್ಕಿಯ ತಟ್ಟೆಯ ಮುಂದೆ ಅಣ್ಣ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ. ಅವನ ದಪ್ಪ ಬೆರಳಿನ ಒಳಗೆ ಅವಳ ಬೆರಳು ಕಾಣುತ್ತಲೇ ಇರಲಿಲ್ಲ. 'ಅ' ಬರೆಸಿದ. ಅವಳು ಬರೆದದ್ದನ್ನು ಅಳಿಸಿ ಅಕ್ಕಿಯನ್ನು ಬಾಯಿಗೆ ಹಾಕಿಕೊಂಡಳು. ಎಲ್ಲರೂ ನಕ್ಕೆವು. ಆ ಚಿತ್ರವನ್ನು ಇಲ್ಲಿಗೇ ನಿಲ್ಲಿಸಲು ಸಾಧ್ಯವಿದ್ದರೆ ನಾನು ನಿಲ್ಲಿಸುತ್ತಿದ್ದೆ.

ದೋಸೆ ತಿನ್ನುತ್ತ ಅಣ್ಣ ಕಾರಿನ ಕಥೆ ಶುರುಮಾಡಿದ. ಎಲ್ಲ ಕೊನೆಯ ಗಳಿಗೆಯಲ್ಲಿ ಆದದ್ದಂತೆ. ಶಶಿಯೇಟ್ಟನ್ ಕೆಲಸ ತಡವಾಗಿ, ಮುಂದಿನ ಚಕ್ರಗಳ ಬೋಲ್ಟುಗಳು ತೊಟ್ಟಿಯಿಂದ ಮೇಲೆ ಬರುವಾಗ ಅಷ್ಟಮಿಯ ಸಂಜೆ ಆಗಿತ್ತು. ಆ ಹೊತ್ತಿಗೆ ಅವರ ತಾಯಿ ಬಂದು ಶೆಡ್ಡಿನಲ್ಲಿ ದೀಪ ಹಚ್ಚಿ, ಸ್ಪ್ಯಾನರು, ಸುತ್ತಿಗೆ ಎಲ್ಲ ಪೂಜೆಗೆ ಇಟ್ಟು, ಓವನ್ನಿಗೂ ಗಂಧ ಹಚ್ಚಿ ಕೆಂಪು ಬಟ್ಟೆ ಹೊದಿಸಿಬಿಟ್ಟಿದ್ದರಂತೆ. ಹಳದಿ ನೀರಿನ ತೊಟ್ಟಿ ಒಂದು ಮಾತ್ರ ಪೂಜೆಗೆ ಸೇರದೆ ಉಳಿದಿತ್ತು. ಗಟ್ಟಿ ಬೋಲ್ಟುಗಳನ್ನು ಇಲ್ಲೇ ಬಿಟ್ಟು ಹೋಗಿ, ದಶಮಿ ಕಳೆದ ಮೇಲೆ ಮತ್ತೆ ಮೊದಲಿನಿಂದ ಮಾಡಿ ಬಿಸಿ ಕೊಟ್ಟು ಕೊಡುತ್ತೇನೆ ಎಂದು ಶಶಿಯೇಟ್ಟನ್ ಹೇಳಿದರಂತೆ. ಆದರೆ ನಾಳೆಯೇ ಆಯುಧಪೂಜೆ. ಚಕ್ರವಿಲ್ಲದ ಕಾರಿಗೆ ಪೂಜೆ ಮಾಡುವುದು ಹೇಗೆ? ಪೂಜೆಗೆ ಇಟ್ಟ ಓವನ್ನನ್ನು ತೆರೆಯಿರಿ ಎಂದು ಹೇಳುವುದೂ ಹೇಗೆ? ದೀಪದ ಮುಂದೆ ನಿಂತು ವಾದ ಮಾಡಲು ಇಬ್ಬರಿಗೂ ಮನಸ್ಸು ಬರಲಿಲ್ಲ. ಅಣ್ಣನೇ ಬೋಲ್ಟುಗಳನ್ನು ಹಳದಿ ನೀರಿಗೆ ಅದ್ದಿಸಿ, ಒರೆಸಿ, ಚೀಲಕ್ಕೆ ಹಾಕಿಕೊಂಡು ಬಂದ.

ಅತ್ತಿಗೆ ಚಟ್ನಿ ಬಡಿಸುತ್ತಿದ್ದರು. ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ. ಶೆಡ್ಡಿನ ವಾಸನೆ, ಆ ಗುಳ್ಳೆಗಳು, ಎಚ್ಚರಿಸುವುದಿಲ್ಲ ಎಂದ ಮಾತು ಎಲ್ಲ ಒಟ್ಟಿಗೆ ಬಂತು. ಅಮ್ಮು ಆಗಲೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಕುಣಿಯುತ್ತಿದ್ದಳು.

"ಅಣ್ಣ, ಮಗು ಆ ಕಾರಲ್ಲಿ ಹೋಗುದು ಬೇಡ. ಆಟೋ ಮಾಡುವ," ಎಂದೆ.

"ನಿನ್ನೆ ಅಷ್ಟು ದೂರ ಬಂದದ್ದು ಅದರಲ್ಲೇ ಅಲ್ವಾ? ಎಂತದೂ ಆಗುದಿಲ್ಲ ಮಾರಾಯ್ತಿ."

ಇಲ್ಲಿ ನನ್ನ ಕಷ್ಟ ನಿಮಗೆ ಅರ್ಥವಾಗಬೇಕು. ಲಿಫ್ಟಿಗೆ, ಕುಕ್ಕರಿಗೆ, ಮಿಂಚಿಗೆ, ಮೀನಿನ ಮುಳ್ಳಿಗೆ ಎಲ್ಲದಕ್ಕೂ ಹೆದರಿದವಳ ಹೆದರಿಕೆಗೆ ಯಾರು ಬೆಲೆ ಕೊಡುತ್ತಾರೆ? ನನ್ನ ದನಿ ಏರಿತು. ಶಶಿಯೇಟ್ಟನ್ ಹೇಳಿದ್ದನ್ನೆಲ್ಲ ಹೇಳಿದೆ. ಶ್ರುತಿ ಕಣ್ಣು ಮೇಲೆ ಮಾಡಿ, ಅಮ್ಮನಿಗೆ ಎಲ್ಲದಕ್ಕೂ ಪೇಡಿ, ಮಗುವಿಗೂ ಅದನ್ನೇ ಕಲಿಸಬೇಡಿ ಎಂದಳು. ಪೇಡಿ ಎಂದರೆ ಇಲ್ಲಿಯ ಮಾತಿನಲ್ಲಿ ಹೆದರಿಕೆ. ಅತ್ತಿಗೆ, ಹಬ್ಬದ ದಿನ ಅಪಶಕುನ ನುಡಿಯಬಾರದು ಎಂದರು. ಮಗು ಅಳಲು ಶುರುಮಾಡಿತು. ಅಣ್ಣ ಅವಳನ್ನು ಎತ್ತಿಕೊಂಡು ನಗುತ್ತಲೇ ಲಿಫ್ಟಿನ ಕಡೆ ನಡೆದ. ನಾನು ಲಿಫ್ಟಿನ ಹೆದರಿಕೆಯನ್ನೂ ಮರೆತು ಅವರ ಹಿಂದೆ ನುಗ್ಗಿದೆ. ಕಾರಿನ ಮುಂದೆ ಮಲಗಿಯಾದರೂ ತಡೆಯುತ್ತೇನೆ ಎಂದು ನಿಶ್ಚಯ ಮಾಡಿಕೊಂಡಿದ್ದೆ. ಸೀರೆ ಹಬ್ಬದ್ದು ಎಂಬುದೂ ನೆನಪಿತ್ತು, ಆದರೂ.

ಕೆಳಗೆ ಕಾರು ನಿಂತಿತ್ತು. ಕುಂಕುಮ, ಬಾಡಿದ ಸೇವಂತಿಗೆ ಹಾರ. ಅಣ್ಣ ಅಮ್ಮುವನ್ನು ಇಳಿಸಿ ಕೀಲಿಗೆ ಜೇಬಿನಲ್ಲಿ ಕೈ ಹಾಕಿದ. ನಾನು ಮುಂದಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಚಕ್ರದ ಹತ್ತಿರ ಕೂತಿದ್ದ ಅಮ್ಮು ಕೈ ಎತ್ತಿ ತೋರಿಸಿದಳು.

"ಅಜ್ಜೀ, ಸ್ವರ್ಣಂ ಕಿಟ್ಟಿ."

ಚಿನ್ನ ಸಿಕ್ಕಿತಂತೆ ಅವಳಿಗೆ. ಅವಳ ಅಂಗೈಯಲ್ಲಿ ಒಂದು ಬೋಲ್ಟಿನ ತಲೆ ಇತ್ತು, ಬರೀ ತಲೆ. ಆರು ಮೂಲೆ, ಅರಿಶಿನದ ಬಣ್ಣ, ಅದರೊಳಗೆ ಸಣ್ಣಗೆ ನೇರಳೆ ಮಿಂಚು. ಕತ್ತಿನ ಹತ್ತಿರ ಬೂದು ಬಣ್ಣಕ್ಕೆ, ಸಕ್ಕರೆ ಅಚ್ಚು ಮುರಿದ ಹಾಗೆ, ನೇರವಾಗಿ ಮುರಿದಿತ್ತು.

ಅಣ್ಣ ಅದನ್ನು ತೆಗೆದುಕೊಂಡು ನೋಡಿದ. ಆಮೇಲೆ ನೆಲಕ್ಕೆ ಕೂತು, ಹಬ್ಬದ ಬಿಳಿ ಪಂಚೆಯಲ್ಲೇ ಮಲಗಿ, ಮುಂದಿನ ಚಕ್ರದ ಹಿಂದೆ ತಲೆ ಹಾಕಿದ. ಸ್ಟೀರಿಂಗ್ ತಿರುಗಿಸಿದರೆ ಚಕ್ರ ತಿರುಗಿಸುವ ಒಂದು ತೋಳು ಅಲ್ಲಿರುತ್ತದೆ, ಅದನ್ನು ಚಕ್ರಕ್ಕೆ ಬಿಗಿದು ಹಿಡಿಯುವ ಜೋಡಿ ಬೋಲ್ಟುಗಳಲ್ಲಿ ಒಂದರ ತಲೆ ಇರಲಿಲ್ಲ. ಬೆಳಿಗ್ಗೆ ನಾವು ಅಕ್ಕಿಯ ತಟ್ಟೆಯ ಮುಂದೆ ನಗುತ್ತಿದ್ದಾಗಲೋ, ದೋಸೆ ತಿನ್ನುತ್ತಿದ್ದಾಗಲೋ, ಯಾರೂ ಮುಟ್ಟದೆ, ಯಾರೂ ಓಡಿಸದೆ ಅದು ಹಾರಿ ಬಿದ್ದಿತ್ತು. ಉಳಿದ ಇನ್ನೊಂದು ಎಷ್ಟು ಹೊತ್ತು ತಡೆಯುತ್ತಿತ್ತು, ಯಾವ ತಿರುವಿನವರೆಗೆ ತಡೆಯುತ್ತಿತ್ತು, ಹೇಳಲು ಯಾರಿಂದಲೂ ಆಗುವುದಿಲ್ಲ.

ಅಣ್ಣ ಕಾರಿನ ಕೆಳಗಿನಿಂದ ಬೇಗ ಬರಲಿಲ್ಲ. ಬಂದವನು ಏಳಲೂ ಇಲ್ಲ. ಚಕ್ರಕ್ಕೆ ಒರಗಿ ಕೂತ. ಬೋಲ್ಟಿನ ತಲೆಯನ್ನು ಪಂಚೆಯ ಅಂಚಿನಿಂದ ಒರೆಸಿದ. ಆಮೇಲೆ ಅದನ್ನು ಎರಡೂ ಕೈಗಳಲ್ಲಿ ಮುಚ್ಚಿ ಹಿಡಿದುಕೊಂಡ.

"ಮುಂದೆ ಕೂರಿಸ್ಲಿಕ್ಕಿದ್ದೆ ನಾನು ಇವಳನ್ನು," ಎಂದ.

ಅಷ್ಟೇ. ನಮ್ಮ ಹಿಂದೆಯೇ ಇಳಿದು ಬಂದಿದ್ದ ಶ್ರುತಿ ಮಗುವನ್ನು ಎತ್ತಿ ಎದೆಗೆ ಒತ್ತಿಕೊಂಡು ಹಿಂದೆ ಸರಿದಳು. ಅಮ್ಮು ತನ್ನ ಚಿನ್ನ ವಾಪಸು ಬೇಕೆಂದು ಅತ್ತಳು. ನನಗೆ ಏನಾಗಬೇಕಿತ್ತು ಹೇಳಿ? ನಾನು ಹೇಳಿದ್ದು ನಿಜವಾಯಿತು ಎಂದು ಒಂದು ಚೂರಾದರೂ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅಣ್ಣನ ಮುಖದಲ್ಲಿ ಹೆದರಿಕೆ ಕಂಡೆ, ಆಗ ನನಗಾದ ಭಯದ ಮುಂದೆ ಬೋಲ್ಟಿನ ಭಯ ಏನೂ ಅಲ್ಲ. ದೋಣಿಯ ತಳ ಕಳಚಿದ ಹಾಗಾಯಿತು.

ನಾವು ಹೆದರುವುದು ಮುಂದೆ ಬರುವುದಕ್ಕೆ ಎಂದು ತಿಳಿದಿದ್ದೆ. ಆಗಿಹೋದದ್ದಕ್ಕೆ ಹೆದರುವುದು ಎಷ್ಟು ಕಷ್ಟ ಎಂದು ಆಮೇಲೆ ಗೊತ್ತಾಯಿತು. ಮುಂದಿನದಕ್ಕೆ ಏನಾದರೂ ಉಪಾಯ ಮಾಡಬಹುದು. ಹಿಂದಿನ ದಿನ ಅಣ್ಣ ಅತ್ತಿಗೆ ಇಬ್ಬರೂ ಕೊಚ್ಚಿಯಿಂದ ಬಂದಿದ್ದ ರಸ್ತೆ ನನ್ನ ತಲೆಯಲ್ಲಿ ಮತ್ತೆ ಮತ್ತೆ ಓಡಿತು, ಪ್ರತಿ ಸಲವೂ ಒಂದೊಂದು ಸೇತುವೆಯ ಮೇಲೆ ಆ ಬೋಲ್ಟು ಮುರಿಯಿತು. ಅತ್ತಿಗೆ ನಿದ್ರೆ ಮಾಡುತ್ತಲೇ ಇದ್ದರು.

ಕಾರನ್ನು ಲಾರಿಯ ಮೇಲೆ ಹಾಕಿ ಕೊಚ್ಚಿಗೆ ಕಳಿಸಿದೆವು. ಶಶಿಯೇಟ್ಟನ್ ವಿಷಯ ಕೇಳಿ ತಾವೇ ಅಣ್ಣನ ಮನೆಗೆ ಬಂದು ಹೊಳೆಯುವ ಗಟ್ಟಿ ಬೋಲ್ಟುಗಳನ್ನೆಲ್ಲ ಬಿಚ್ಚಿಸಿ, ಹೊಸ ಕಪ್ಪು ಬೋಲ್ಟು ಹಾಕಿಸಿದರು. ಕಪ್ಪು ಬೋಲ್ಟು ನೋಡಲು ಚಂದವಿಲ್ಲ. ಅಣ್ಣ ಚಂದದ ಮಾತೇ ಎತ್ತಲಿಲ್ಲವಂತೆ. ಆಮೇಲೆ ಅವನು ಆ ಕಾರಿನ ಸ್ಟೀರಿಂಗ್ ಹಿಡಿಯಲೂ ಇಲ್ಲ.

ಕಾರಿಗೇ ಮುಗಿದಿದ್ದರೆ ಸರಿ. ಅವನಿಗೆ ಗ್ಯಾಸ್ ಸಿಲಿಂಡರೆಂದರೆ ಹೆದರಿಕೆಯಾಯಿತು, ಫ್ಯಾನೆಂದರೆ ಹೆದರಿಕೆಯಾಯಿತು. ಬೋಟಿನಲ್ಲಿ ಹೋಗುವುದು ಬಿಟ್ಟ. ನಾನು ಕೋರ್ಟಿಗೆ ಹೊರಟರೆ ಫೋನು, ತಲುಪಿದರೆ ಫೋನು, ಎತ್ತದಿದ್ದರೆ ಶ್ರುತಿಗೆ ಫೋನು. ಒಂದು ಮನೆಗೆ ಒಬ್ಬಳೇ ಸಾಕಾಗಿತ್ತು, ಈಗ ಇಬ್ಬರಾದಿರಿ ಎಂದು ಅತ್ತಿಗೆ ಹೇಳುತ್ತಾರೆ. ಹೇಳುವಾಗ ನಗುತ್ತಾರೆ, ಆದರೆ ಕೊನೆಯಲ್ಲಿ ದನಿ ಇಳಿಯುತ್ತದೆ. ಅದಾಗಿ ಇಷ್ಟು ಕಾಲವಾಯಿತು, ಅವನ ಬಾಯಲ್ಲಿ ಎಂತದೂ ಆಗುದಿಲ್ಲ ಎಂಬ ಮಾತು ಮತ್ತೆ ಬಂದಿಲ್ಲ. ನಾನು ಬೇಕೆಂದೇ ಕೇಳಿದ್ದೂ ಉಂಟು, ಜ್ವರ ಬಂದಿದೆ, ಏನಾದರೂ ಆಗಬಹುದಾ ಅಣ್ಣ ಎಂದು. ಡಾಕ್ಟರರಿಗೆ ತೋರಿಸು ಎನ್ನುತ್ತಾನೆ. ಡಾಕ್ಟರರು ನನಗೆ ಬೇಕಾಗಿರಲಿಲ್ಲ.

ನಿನ್ನೆ ಓಮನಚೇಚಿ ಹೋದ ಮೇಲೂ ವಾಸನೆ ಹೋಗಿರಲಿಲ್ಲ. ನನ್ನ ಮೇಜಿನ ಮೇಲೆ ಪೇಪರುಗಳು ಹಾರದಂತೆ ಇಟ್ಟ ಬೋಲ್ಟಿನ ತಲೆ ಇದೆ. ಅಮ್ಮುವಿಗೆ ಅದರ ಬದಲು ಒಂದು ಆಟದ ಕ್ರೇನು ಕೊಡಿಸಿ ನಾನು ಇಟ್ಟುಕೊಂಡದ್ದು. ಅದನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದೆ, ಬಣ್ಣ ಇನ್ನೂ ಹಾಗೆಯೇ ಇದೆ. ಆಗ ಫೋನು ಬಂತು. ಅಣ್ಣ. ಮೊದಲು ಎಂದಿನ ಪ್ರಶ್ನೆಗಳು, ಮಳೆ ಉಂಟಾ, ಕಿಟಕಿ ಹಾಕಿದ್ದೀಯಾ. 

ಆಯುಧಪೂಜೆ ಬಂತಲ್ಲ ಎಂದ. ಹೋದ ವರ್ಷ, ಅದರ ಹಿಂದಿನ ವರ್ಷವೂ ಪೂಜೆ ಮಾಡಿ ಕಾರನ್ನು ಹಾಗೇ ನಿಲ್ಲಿಸಿದ್ದಾನಂತೆ. ಪೂಜೆಯಾದ ವಾಹನ ಹಾಗೆ ನಿಲ್ಲಬಾರದು ಎಂದು ಅತ್ತಿಗೆಗೆ ಕೊರಗಂತೆ. ಬೇರೆ ಯಾರ ಕೈಗೂ ಕೊಡಲು ಅವನಿಗೆ ಮನಸ್ಸಿಲ್ಲ.

"ಸೀಟಿನಲ್ಲಿ ಹೋಗಿ ಕೂತೆ ಮೊನ್ನೆ. ಕೀಲಿ ತಿರುಗಿಸ್ಲಿಕ್ಕೆ ಆಗ್ಲಿಲ್ಲ ನನ್ಗೆ," ಎಂದ.

ನಾನು ಹೆದರುಪುಕ್ಕಲಿ ಎಂಬುದನ್ನು ನೀವು ಮರೆತಿರಲಾರಿರಿ. ಆ ಕಾರಿನ ಹೆಸರು ಕೇಳಿದರೆ ಈಗಲೂ ನನಗೆ ಹೆದರಿಕೆ. ಹೊಸ ಬೋಲ್ಟು, ಕಪ್ಪು ಬೋಲ್ಟು ಎಂದು ಬುದ್ಧಿಗೆ ಗೊತ್ತು, ಹೆದರಿಕೆಗೆ ಗೊತ್ತಿಲ್ಲ. ಆದರೂ ನನ್ನ ಬಾಯಿ ನನ್ನನ್ನು ಕೇಳದೆ ಮಾತಾಡಿತು.

"ನಾನು ಬರ್ತೇನೆ. ನಾನು ಓಡಿಸ್ತೇನೆ, ನೀನು ಪಕ್ಕದಲ್ಲಿ ಕೂತ್ಕೋ. ಎಂತದೂ ಆಗುದಿಲ್ಲ ಅಣ್ಣ."

 ಅಣ್ಣ ಹೂಂ ಎಂದ. ಸಣ್ಣ ಮಗುವಿನ ಹೂಂ. ಬಸ್ಸಿಗಿಂತ ರೈಲು ಒಳ್ಳೆಯದು, ರೈಲಿನಲ್ಲೇ ಬಾ ಎಂದು ಹೇಳಿ ಫೋನು ಇಟ್ಟ. ಅವನ ದನಿ ಸ್ವಲ್ಪ ಹಗುರವಾಗಿತ್ತು, ನಂಬಿದ ಹಾಗಿತ್ತು.

 ಫೋನನ್ನು ಮೇಜಿನ ಮೇಲಿಟ್ಟೆ. ಅದರ ಮೇಲೆಲ್ಲ ನೀರು ಹತ್ತಿತ್ತು. ಸೆರಗಿನಿಂದ ಒರೆಸಿ, ಎಲ್ಲಿಂದ ಬಂತು ಎಂದು ಕೈ ತಿರುಗಿಸಿ ನೋಡಿಕೊಂಡೆ. ಒದ್ದೆಯಾದದ್ದು ನನ್ನ ಅಂಗೈ. ಚಂದ್ರಗಿರಿ ಹೊಳೆ ದಾಟುವಾಗ ನನ್ನ ಕೈ ಹಿಡಿದಿರುತ್ತಿದ್ದ ಅಂಗೈಯೂ ಹೀಗೇ ಒದ್ದೆಯಾಗಿರುತ್ತಿತ್ತು, ಹೀಗೇ ತಣ್ಣಗಿರುತ್ತಿತ್ತು.